ಚಿತ್ರಕೃಪೆ: ಅಂತರ್ಜಾಲ

ಕನ್ನಡ ಬ್ಲಾಗುಗಳಿಗೆ ಅತಿ ಹೆಚ್ಚು ಫೋಟೋ ಒದಗಿಸಿರುವ ಛಾಯಾಗ್ರಾಹಕರು ಯಾರು ಗೊತ್ತೇ? ಶ್ರೀಯುತ ಅಂತರ್ಜಾಲ ಅವರು. ಮಳೆಗಾಲದ ಕವಿತೆಗೆ ಮಳೆ, ಅಜ್ಜಿಯ ನೆನಪಿಗೆ ಸೌದೆ ಒಲೆ, ದಸರಾ ಲೇಖನಕ್ಕೆ ಅಂಬಾರಿ.. ಯಾವ ಚಿತ್ರವೇ ಇರಲಿ, ಕೆಳಗೆ ಸಣ್ಣಕ್ಷರದಲ್ಲಿ "ಚಿತ್ರಕೃಪೆ: ಅಂತರ್ಜಾಲ". ಇವರಿಗೊಬ್ಬ ತಮ್ಮನೂ ಇದ್ದಾನೆ, "ಗೂಗಲ್ ಕೃಪೆ" ಅಂತ. ಅಣ್ಣತಮ್ಮ ಇಬ್ಬರೂ ಇಷ್ಟು ವರ್ಷ ದುಡಿದರೂ ಯಾರ ಹತ್ತಿರವೂ ಒಂದು ಪೈಸೆ ಕೇಳಿದವರಲ್ಲ :)

ತಮಾಷೆ ಇರಲಿ. ಕೃಪೆ ಅನ್ನೋದು ಕೊಟ್ಟವರ ಬಗ್ಗೆ ಹೇಳುವ ಮಾತು. ಕೊಡದವರಿಂದ ತಗೊಂಡು, ಅವರ ಹೆಸರನ್ನೂ ಹೇಳದೆ, ಕೃಪೆ ಅಂತ ಬರೆದರೆ ಅದು ಯಾವ ಸೀಮೆ ಕೃಪೆ? ಬ್ಲಾಗಿಗರಾದ ನಮಗೆ ಇದು ಅರ್ಥವಾಗದ ವಿಷಯವೇನಲ್ಲ. ನಾವು ಬರೆದದ್ದನ್ನು ಯಾರೋ ಎತ್ತಿ, ಹೆಸರು ಕಿತ್ತು, ವಾಟ್ಸಾಪಿನಲ್ಲಿ ಹರಿಬಿಟ್ಟರೆ "ಬರಹಗಳ್ಳರಿದ್ದಾರೆ ಎಚ್ಚರಿಕೆ" ಅಂತ ಮೂರು ದಿನ ಕೂಗಾಡುತ್ತೇವೆ. ಕೂಗಾಡಬೇಕಾದ್ದೇ. ಆದರೆ ಆ ಕೂಗಾಟದ ಬರಹಕ್ಕೆ ಹಾಕಿದ ಕಳ್ಳನ ಚಿತ್ರ ಎಲ್ಲಿಂದ ಬಂತು ಅಂತ ಕೇಳಿ ನೋಡಿ.. ಅದೂ ಅಂತರ್ಜಾಲವೇ!

ಬ್ಲಾಗಿನಲ್ಲಿ ಈ ಅಭ್ಯಾಸ ಹೇಗೋ ನಡೆದುಬಿಡುತ್ತದೆ. ಅದನ್ನೇ ವಿಕಿಪೀಡಿಯಕ್ಕೆ ಹೊತ್ತುಕೊಂಡು ಹೋದಾಗ ತೊಂದರೆ ಶುರು. ನಮ್ಮ ಕಡೆಯ ಸಾಹಿತಿಯೊಬ್ಬರ ಬಗ್ಗೆ ಕಷ್ಟಪಟ್ಟು ಲೇಖನ ಬರೆದು, ಯಾವುದೋ ಪತ್ರಿಕೆಯ ತಾಣದಲ್ಲಿದ್ದ ಒಳ್ಳೆಯ ಫೋಟೋವನ್ನು ಅದಕ್ಕೆ ಏರಿಸಿದರೆ, ಕೆಲವೇ ದಿನದಲ್ಲಿ ಫೋಟೋ ಮಾಯ. "ಕನ್ನಡದ ಕೆಲಸಕ್ಕೂ ಕಾನೂನು ಮಾತಾಡ್ತಾರಲ್ರೀ" ಅನ್ನುವ ಗೊಣಗಾಟ ನೀವೂ ಕೇಳಿರುತ್ತೀರಿ. ಗೊಣಗುವವರ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ನಿಯಮ ಸರಿಯಾಗಿದೆ, ನಮ್ಮ ಸಿಟ್ಟೇ ತಪ್ಪು ವಿಳಾಸಕ್ಕೆ ಹೋಗುತ್ತಿದೆ ಅನ್ನುವುದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳುತ್ತೇನೆ, ಆಮೇಲೆ ನೀವು ಬೈಯಿರಿ.

ಕನ್ನಡ ವಿಕಿಪೀಡಿಯ ಶುರುವಾಗಿದ್ದು 2003ರಲ್ಲಿ. ಎಲ್ಲಾ ಭಾಷೆಯ ವಿಕಿಗಳಿಗೂ ಒಂದೇ ಚಿತ್ರಭಂಡಾರ ಇರಲಿ ಅಂತ ಕಾಮನ್ಸ್ ಬಂದದ್ದು 2004ರಲ್ಲಿ. ಅಲ್ಲಿ ಕೇಳುವ ಪ್ರಶ್ನೆ "ಈ ಫೋಟೋ ಹಾಕಿದರೆ ನಿಮ್ಮ ಮೇಲೆ ಕೇಸು ಬೀಳುತ್ತಾ?" ಅಂತಲ್ಲ. "ಇಲ್ಲಿಂದ ಇನ್ನೊಬ್ಬರು ತಗೊಂಡು, ಬೇಕಾದ ಹಾಗೆ, ವ್ಯಾಪಾರಕ್ಕೂ ಬಳಸಬಹುದಾ?" ಅಂತ. ಈ ಎರಡನೇ ಪ್ರಶ್ನೆ ಮನಸ್ಸಿಗೆ ಇಳಿದರೆ ಉಳಿದ ನಿಯಮಗಳೆಲ್ಲ ತಾವಾಗಿ ಬಿಡಿಸಿಕೊಳ್ಳುತ್ತವೆ.

ಹುಣಸೂರಿನ ಒಬ್ಬ ಮೇಷ್ಟರು ವಿಕಿಪೀಡಿಯದ ಲೇಖನ, ಚಿತ್ರ ಸೇರಿಸಿ ಇಪ್ಪತ್ತು ರೂಪಾಯಿಯ ಪುಸ್ತಿಕೆ ಮಾಡಿಸಿ ಮಕ್ಕಳಿಗೆ ಮಾರುತ್ತಾರೆ ಅಂದುಕೊಳ್ಳಿ. ಅದರಲ್ಲಿನ ಒಂದು ಫೋಟೋಗೆ "ವಿಕಿಪೀಡಿಯಕ್ಕೆ ಮಾತ್ರ" ಅಂತ ಅನುಮತಿ ಇದ್ದರೆ ಸಿಕ್ಕಿಬೀಳುವವರು ಪಾಪ ಆ ಮೇಷ್ಟರು. ಅದಕ್ಕೇ "ವಿಕಿಯಲ್ಲಿ ಹಾಕ್ಕೊಳ್ಳಿ, ಪರವಾಗಿಲ್ಲ" ಅನ್ನುವ ಬಾಯಿಮಾತು ಅಲ್ಲಿ ನಡೆಯುವುದಿಲ್ಲ. "ವಾಣಿಜ್ಯ ಬಳಕೆಗಿಲ್ಲ" ಅನ್ನುವ ಷರತ್ತಿನ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಕೂಡ ನಡೆಯುವುದಿಲ್ಲ. ಚಿತ್ರ ತೆಗೆದವರ ಹೆಸರು ಹೇಳಬೇಕು, ಬದಲಾಯಿಸಿದರೆ ಅದೇ ಪರವಾನಗಿಯಲ್ಲಿ ಮುಂದಕ್ಕೆ ಹಂಚಬೇಕು. ಇಂಥ ಷರತ್ತುಗಳು ಸರಿ, ಅದಕ್ಕಿಂತ ಬಿಗಿಯಾದದ್ದು ಬೇಡ.

ಇನ್ನು ನಮ್ಮ ಕಾನೂನಿಗೆ ಬರೋಣ. ಭಾರತದ ಹಕ್ಕುಸ್ವಾಮ್ಯ ಕಾಯ್ದೆ 1957ರದ್ದು. ಬರೆದವರು, ಚಿತ್ರ ಬಿಡಿಸಿದವರು ತೀರಿಕೊಂಡ ಮೇಲೆ, ಮುಂದಿನ ಜನವರಿ 1ರಿಂದ ಎಣಿಸಿ 60 ವರ್ಷ ಹಕ್ಕು ಉಳಿಯುತ್ತದೆ. ಮೊದಲು ಛಾಯಾಚಿತ್ರಕ್ಕೆ ಬೇರೆ ಲೆಕ್ಕವಿತ್ತು, ಪ್ರಕಟವಾದ ದಿನದಿಂದ ಎಣಿಸುತ್ತಿದ್ದರು. 2012ರ ತಿದ್ದುಪಡಿ ಫೋಟೋ ತೆಗೆದವರನ್ನೂ ಬರೆದವರ ಪಂಕ್ತಿಯಲ್ಲೇ ಕೂರಿಸಿತು.

ಇದನ್ನು ನೋಡಲು ನಮ್ಮ ಮೈಸೂರಿನ ಜಗನ್ಮೋಹನ ಅರಮನೆಯಷ್ಟು ಒಳ್ಳೆಯ ಪಾಠಶಾಲೆ ಇನ್ನೊಂದಿಲ್ಲ. ಅಲ್ಲಿ ರಾಜಾ ರವಿವರ್ಮನ ಚಿತ್ರಗಳಿವೆ. ಅದೇ ಸೂರಿನ ಕೆಳಗೆ, ಕೈಯಲ್ಲಿ ದೀಪ ಹಿಡಿದು ಬೆಳಕನ್ನು ಅಂಗೈಯಿಂದ ಮರೆಮಾಡಿ ನಿಂತ ಹೆಂಗಸಿನ ಚಿತ್ರವಿದೆ. ನೋಡಿದವರಲ್ಲಿ ಎಷ್ಟೋ ಜನ ಅದನ್ನೂ ರವಿವರ್ಮನದೇ ಅಂದುಕೊಳ್ಳುತ್ತಾರೆ. ಅಲ್ಲ. ಅದು ಎಸ್. ಎಲ್. ಹಲ್ದಣ್ಕರ್ ಬಿಡಿಸಿದ ಜಲವರ್ಣ, 1940ರ ದಶಕದ್ದು. ಹಾಗೆ ನಿಂತವರು ಅವರ ಮಗಳು.

ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಹಾಗಾಗಿ ಅವನ ಚಿತ್ರಗಳು ಯಾವತ್ತೋ ಸಾರ್ವಜನಿಕ ಸ್ವತ್ತು. ಹಲ್ದಣ್ಕರ್ ತೀರಿಕೊಂಡದ್ದು 1968ರಲ್ಲಿ. ಅಂದರೆ ದೀಪದ ಹೆಂಗಸಿನ ಹಕ್ಕು 2028ರ ಡಿಸೆಂಬರ್ ಕೊನೆವರೆಗೂ ಇದೆ. ಒಂದೇ ಕಟ್ಟಡದ ಎರಡು ಚಿತ್ರಗಳು, ಒಂದನ್ನು ಹಾಕಬಹುದು, ಇನ್ನೊಂದನ್ನು ಹಾಕುವಂತಿಲ್ಲ! ಕಲಾವಿದನ ಹೆಸರು ತಪ್ಪಾಗಿ ಗೊತ್ತಿದ್ದರೆ ಕಾನೂನಿನ ಲೆಕ್ಕವೂ ತಪ್ಪುತ್ತದೆ. "ಅಂತರ್ಜಾಲ" ಅಂತ ಬರೆದು ಕೈತೊಳೆದುಕೊಂಡರೆ ಆಗುವ ನಷ್ಟವೇ ಇದು. ಹಲ್ದಣ್ಕರ್ ಅನ್ನುವ ಹೆಸರೇ ಕಳೆದುಹೋಗುತ್ತದೆ. (ಗ್ಯಾಲರಿಯೊಳಗೆ ಕ್ಯಾಮೆರಾ ಬಿಡುತ್ತಾರೋ ಇಲ್ಲವೋ ಅನ್ನುವುದು ಬೇರೆ ಮಾತು. ಅದು ಆಯಾ ಸಂಸ್ಥೆಯ ನಿಯಮ, ಹಕ್ಕುಸ್ವಾಮ್ಯವಲ್ಲ.)

ಇನ್ನೊಬ್ಬರು ನಮ್ಮ ಮೈಸೂರಿನವರೇ, ಟಿ. ಎಸ್. ಸತ್ಯನ್. ಹುಟ್ಟಿದ್ದು 1923, ತೀರಿಕೊಂಡದ್ದು 2009. ಫೋಟೋ ಪತ್ರಿಕೋದ್ಯಮವನ್ನೇ ನಂಬಿ ಬದುಕಿದವರು, ಪದ್ಮಶ್ರೀ ಪಡೆದವರು. ಲೇಖಕರಂತೆಯೇ ಎಣಿಸಿದರೆ ಅವರ ಫೋಟೋಗಳ ಹಕ್ಕು 2069ರ ಕೊನೆವರೆಗೂ ನಡೆಯುತ್ತದೆ. ಅವರು ತೆಗೆದ ಕಪ್ಪುಬಿಳುಪು ಚಿತ್ರಗಳು ಹೆಸರಿಲ್ಲದೆ ಫಾರ್ವರ್ಡ್ ಆಗಿ ಬಂದಾಗ "ಹಳೇ ಮೈಸೂರು ಎಷ್ಟು ಚಂದ" ಅಂತ ನಾವು ಕಣ್ಣರಳಿಸುತ್ತೇವೆ. ಅಂಥದೊಂದನ್ನು ವಿಕಿಪೀಡಿಯದಿಂದ ಕಿತ್ತರೆ, ಅದು ಕನ್ನಡದ ಮೇಲಿನ ದಾಳಿಯೋ, ಕನ್ನಡದ ನೆಲದ ಒಬ್ಬ ಛಾಯಾಗ್ರಾಹಕನ ರಕ್ಷಣೆಯೋ? ನನಗೆ ಎರಡನೆಯದೇ ಅನ್ನಿಸುತ್ತದೆ.

ಹಾಗಂತ ಈ ನಿಯಮಗಳಲ್ಲಿ ಎಲ್ಲವೂ ನ್ಯಾಯ ಅಂತ ನಾನು ಹೇಳುತ್ತಿಲ್ಲ. ನಾಸಾ ತೆಗೆದ ಚಂದ್ರನ ಫೋಟೋ ಯಾರು ಬೇಕಾದರೂ ಬಳಸಬಹುದು, ಅಮೆರಿಕದ ಕೇಂದ್ರ ಸರ್ಕಾರ ಮಾಡಿದ್ದಕ್ಕೆ ಅಲ್ಲಿ ಹಕ್ಕುಸ್ವಾಮ್ಯವಿಲ್ಲ. ನಮ್ಮಲ್ಲಿ ಸರ್ಕಾರ ತೆಗೆಸಿದ ಫೋಟೋಗೆ ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಬೀಗ. ಕೇಂದ್ರ ಸರ್ಕಾರ 2017ರಲ್ಲಿ ಮುಕ್ತ ದತ್ತಾಂಶ ಪರವಾನಗಿಯೊಂದನ್ನು ತಂದಿತು, ಅದರಡಿ ಬಿಟ್ಟದ್ದಕ್ಕೆ ದಾರಿಯಿದೆ. ಹಾಗೆ ಬಿಡದಿದ್ದರೆ ಚಂದ್ರ ಸಿಗುತ್ತಾನೆ, ಚಾಮುಂಡಿಬೆಟ್ಟ ಸಿಗುವುದಿಲ್ಲ! ನಮ್ಮ ತೆರಿಗೆಯಲ್ಲಿ ತೆಗೆದ ಫೋಟೋ ನಮಗೇ ಇಲ್ಲ. ಸಿಟ್ಟು ಮಾಡಲೇಬೇಕು ಅಂದರೆ ಇಲ್ಲಿ ಮಾಡೋಣ. ಇಲಾಖೆಗಳಿಗೆ ಪತ್ರ ಬರೆಯೋಣ.

ಇನ್ನೊಂದು ಕಿರಿಕಿರಿ ಇದೆ. ಕಾಮನ್ಸಿಗೆ ಚಿತ್ರ ನಮ್ಮ ದೇಶದಲ್ಲಿ ಮುಕ್ತವಾದರೆ ಸಾಲದು, ಅಮೆರಿಕದ ಕಾನೂನಿನಲ್ಲೂ ಮುಕ್ತವಾಗಿರಬೇಕು. ಅಲ್ಲಿನ ಅವಧಿಯ ಲೆಕ್ಕವೇ ಬೇರೆ. 2029ರಲ್ಲಿ ಹಲ್ದಣ್ಕರರ ಚಿತ್ರ ಇಲ್ಲಿ ಮುಕ್ತವಾದರೂ ಅಲ್ಲಿ ಇನ್ನಷ್ಟು ವರ್ಷ ಕಾಯಬೇಕಾಗಬಹುದು. ಮೈಸೂರಿನ ಗೋಡೆಯ ಮೇಲಿನ ಚಿತ್ರಕ್ಕೆ ಅಲ್ಲಿನ ಪಂಚಾಂಗ ಯಾಕೆ ಅಂತ ಕೇಳಿದರೆ ಆ ಪ್ರಶ್ನೆ ತಪ್ಪಲ್ಲ.

ಮತ್ತೊಂದು ದೂರು ನಮ್ಮೊಳಗಿನದು. ಅಳಿಸುವ ಸೂಚನೆ ಇಂಗ್ಲಿಷಿನಲ್ಲಿ, ಸಂಕ್ಷಿಪ್ತಾಕ್ಷರಗಳ ಸಾಲಿನಲ್ಲಿ ಬಂದು ಬೀಳುತ್ತದೆ. ಹಳ್ಳಿಯ ಶಾಲೆಯಿಂದ ಮೊದಲ ಸಲ ಸಂಪಾದನೆಗೆ ಬಂದವರು ಅದನ್ನು ನೋಡಿ ಪೊಲೀಸ್ ನೋಟೀಸು ಬಂದಂತೆ ಬೆದರಿ ಓಡಿಹೋಗುತ್ತಾರೆ. ಅನುಭವಿಗಳಾದವರು "ಸಾರ್, ಈ ಚಿತ್ರ ತೆಗೆದವರ ಒಪ್ಪಿಗೆ ಬೇಕು, ಹೀಗೆ ಮಾಡಿ" ಅಂತ ಎರಡು ಸಾಲು ಕನ್ನಡದಲ್ಲಿ ಬರೆದರೆ ಎಷ್ಟೋ ಜನ ಉಳಿಯುತ್ತಾರೆ. ನಿಯಮ ಬಿಗಿಯಾಗಿರಲಿ, ಮಾತು ಮೃದುವಾಗಿರಲಿ.

ಸರಿ, ಹಾಗಾದರೆ ಚಿತ್ರ ತರೋದು ಎಲ್ಲಿಂದ? ನಾವು ಅಂದುಕೊಂಡಷ್ಟು ಬಡವರೇನಲ್ಲ.

ಒಂದು: ಬೀದಿ. ನಮ್ಮ ಕಾಯ್ದೆಯ 52ನೇ ಸೆಕ್ಷನ್ನು ಈ ವಿಷಯದಲ್ಲಿ ಬಹಳ ಉದಾರಿ. ಕಟ್ಟಡಗಳ ಫೋಟೋ ತೆಗೆದು ಪ್ರಕಟಿಸಬಹುದು. ಸಾರ್ವಜನಿಕ ಜಾಗದಲ್ಲಿ ಕಾಯಂ ಆಗಿರುವ ಶಿಲ್ಪ, ಪ್ರತಿಮೆಗಳದ್ದೂ ಆಗಬಹುದು. ಎಲ್ಲಾ ದೇಶಗಳಲ್ಲೂ ಈ ಭಾಗ್ಯವಿಲ್ಲ, ಫ್ರಾನ್ಸಿನಂಥ ಕಡೆ ಹೊಸ ಕಟ್ಟಡದ ಫೋಟೋಗೂ ತಕರಾರು. ಕೆ. ಆರ್. ಸರ್ಕಲ್ಲಿನ ಪ್ರತಿಮೆಯಾಗಲಿ, ಬೆಟ್ಟದ ಮಹಿಷಾಸುರನಾಗಲಿ, ನಮ್ಮ ಕೃಷ್ಣಮೂರ್ತಿಪುರಂನ ಶಾರದಾವಿಲಾಸ ಕಾಲೇಜಾಗಲಿ, ರಸ್ತೆಯಲ್ಲಿ ನಿಂತು ಕ್ಲಿಕ್ಕಿಸಿದರೆ ಅದು ನಿಮ್ಮ ಫೋಟೋ, ನಿಮ್ಮ ಹಕ್ಕು. ಗೋಡೆ ಮೇಲಿನ ವರ್ಣಚಿತ್ರಕ್ಕೆ ಮಾತ್ರ ಈ ರಿಯಾಯಿತಿ ಇಲ್ಲ, ನೆನಪಿರಲಿ. ಇಲ್ಲಿನ ಹಳೇ ಹೆಂಚಿನ ಮನೆಗಳು ಒಂದೊಂದಾಗಿ ಅಪಾರ್ಟ್‌ಮೆಂಟ್ ಆಗುತ್ತಿವೆ. ಬಲ್ಲಾಳ್ ಸರ್ಕಲ್ ಕಡೆಗೆ ಸಂಜೆ ವಾಕಿಂಗ್ ಹೊರಟವರು ಜೇಬಿನಲ್ಲಿರೋ ಫೋನು ತೆಗೆದರೆ ಸಾಕು.

ಎರಡು: ಅಲ್ಬಮ್ಮು. ಇದು ಬಹಳ ಜನಕ್ಕೆ ಗೊತ್ತಿಲ್ಲ. ದುಡ್ಡು ಕೊಟ್ಟು ಸ್ಟುಡಿಯೋದವರಿಂದ ತೆಗೆಸಿದ ಫೋಟೋದ ಮೊದಲ ಹಕ್ಕುದಾರರು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ. ಅದು ಕಾಯ್ದೆಯ 17ನೇ ಸೆಕ್ಷನ್ನು. ಅಂದರೆ ಒಬ್ಬ ಲೇಖಕರೋ ಸಂಗೀತಗಾರರೋ 1970ರಲ್ಲಿ ಸ್ಟುಡಿಯೋಗೆ ಹೋಗಿ ಕೂತು ತೆಗೆಸಿಕೊಂಡ ಫೋಟೋವನ್ನು ಮುಕ್ತ ಪರವಾನಗಿಯಲ್ಲಿ ಕೊಡಲು ಅವರ ವಾರಸುದಾರರಿಗೆ ಅಧಿಕಾರವಿದೆ. ಪತ್ರಿಕೆಯ ಫೋಟೋಗ್ರಾಫರ್ ಬಂದು ತೆಗೆದದ್ದಾದರೆ ಮನೆಯವರು ಕೊಡಲಾಗುವುದಿಲ್ಲ. ಈ ವ್ಯತ್ಯಾಸ ತಿಳಿದುಕೊಂಡು ಕೇಳಬೇಕು, ಒಪ್ಪಿಗೆಯನ್ನು ಇಮೇಲಿನಲ್ಲಿ ಬರೆಸಬೇಕು. ಅದನ್ನು ಪರಿಶೀಲಿಸಿ ದಾಖಲಿಸುವ ಸ್ವಯಂಸೇವಕರ ತಂಡ ವಿಕಿಮೀಡಿಯದಲ್ಲಿದೆ.

ಮೂರು: ಬದುಕಿರುವವರು. ನನಗೆ ಅತಿ ಮುಖ್ಯ ಅನ್ನಿಸುವುದು ಇದೇ. 2007ರ ಮಾರ್ಚಿನಲ್ಲಿ ವಿಕಿಮೀಡಿಯ ಪ್ರತಿಷ್ಠಾನ ಮಾಡಿದ ನಿರ್ಣಯದ ಪ್ರಕಾರ ಮುಕ್ತವಲ್ಲದ ಚಿತ್ರಕ್ಕೆ ಒಂದೊಂದು ವಿಕಿ ತನ್ನದೇ ಸಣ್ಣ ವಿನಾಯಿತಿ ಇಟ್ಟುಕೊಳ್ಳಬಹುದು. ಇಂಗ್ಲಿಷ್ ವಿಕಿಪೀಡಿಯದಲ್ಲಿ ಸಿನಿಮಾ ಪೋಸ್ಟರು ಕಾಣಿಸುವುದು ಹಾಗೆ. ಆದರೆ ಬದುಕಿರುವ ವ್ಯಕ್ತಿಯ ಭಾವಚಿತ್ರಕ್ಕೆ, ಬಹುಪಾಲು ಸಂದರ್ಭದಲ್ಲಿ, ಆ ವಿನಾಯಿತಿಯೂ ಇಲ್ಲ. ಕಾರಣ ಸರಳ: ಬದುಕಿದ್ದಾರಲ್ಲ, ಹೋಗಿ ಒಂದು ಫೋಟೋ ತೆಗೆಯಿರಿ!

ಎಷ್ಟು ಸರಿಯಾದ ಮಾತು. ಪುಸ್ತಕ ಬಿಡುಗಡೆಗೆ ಹೋಗುತ್ತೇವೆ, ರಂಗಾಯಣಕ್ಕೆ ಹೋಗುತ್ತೇವೆ, ಸಮ್ಮೇಳನಕ್ಕೆ ಹೋಗುತ್ತೇವೆ. ಲೇಖಕರ ಪಕ್ಕ ನಿಂತು ಸೆಲ್ಫಿ ತಗೊಂಡು ಫೇಸ್‌ಬುಕ್ಕಿಗೆ ಹಾಕುತ್ತೇವೆ. ಅವರೊಬ್ಬರದೇ ಒಂದು ಫೋಟೋ, ಅವರನ್ನು ಕೇಳಿಯೇ, ತೆಗೆದು ಕಾಮನ್ಸಿಗೆ ಏರಿಸಲು ಐದು ನಿಮಿಷ ಸಾಕು. ಅವರು ಹೋದ ಮೇಲೆ ಆ ಐದು ನಿಮಿಷ ಯಾರಿಗೂ ಸಿಗುವುದಿಲ್ಲ. ಆಮೇಲೆ ಉಳಿಯುವುದು ಯಾರದೋ ಹಕ್ಕಿನ ಚಿತ್ರಗಳು, ಅಥವಾ ಲೇಖನದಲ್ಲಿ ಖಾಲಿ ಚೌಕ.

"ನಾನು ಬಿಟ್ಟಿ ಕೊಟ್ಟದ್ದರಿಂದ ಇನ್ಯಾರೋ ದುಡ್ಡು ಮಾಡ್ತಾರಲ್ಲ?" ಅಂತ ನೀವು ಕೇಳಬಹುದು. ಮಾಡಬಹುದು. ಆದರೆ ನಿಮ್ಮ ಹೆಸರು ಹಾಕಿಯೇ ಮಾಡಬೇಕು. ಒಮ್ಮೆ ಕೊಟ್ಟದ್ದನ್ನು ವಾಪಸು ತಗೊಳ್ಳಲಾಗುವುದಿಲ್ಲ, ಅದನ್ನೂ ತಿಳಿದೇ ಕೊಡಿ. ಹೊಟ್ಟೆಪಾಡಿನ ಫೋಟೋ ಕೊಡಬೇಡಿ, ಕೊಡದಿದ್ದರೆ ಯಾರೂ ಬೈಯುವ ಹಾಗಿಲ್ಲ. ಕೊಡುವ ಮನಸ್ಸು ನಮ್ಮಲ್ಲಿ ಹೊಸದೂ ಅಲ್ಲ. ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ಬಿಟ್ಟುಕೊಟ್ಟಿತು. ನಿರಂಜನರ ಕೃತಿಗಳೂ ಅವರ ಕುಟುಂಬದವರ ಒಪ್ಪಿಗೆಯಿಂದ ಹಾಗೆಯೇ ಮುಕ್ತವಾದವು. ಅಷ್ಟು ದೊಡ್ಡವರು ಅಷ್ಟು ಕೊಟ್ಟಿರುವಾಗ ನಮ್ಮ ಫೋನಿನಲ್ಲಿ ಕೊಳೆಯುತ್ತಿರೋ ನಾಲ್ಕು ಫೋಟೋ ಏನು ಮಹಾ?

ಕದ್ದ ಚಿತ್ರದಿಂದ ತುಂಬಿದ ವಿಕಿಪೀಡಿಯಕ್ಕಿಂತ ಖಾಲಿ ಚೌಕವೇ ವಾಸಿ, ಯಾಕೆಂದರೆ ಖಾಲಿ ಚೌಕ ನಮ್ಮನ್ನು ಕೇಳುತ್ತಿರುತ್ತದೆ. ಬ್ಲಾಗಿಗರಾದ ನಾವು ಸದ್ಯಕ್ಕೆ ಇಷ್ಟಾದರೂ ಮಾಡೋಣ: ಮುಂದಿನ ಬರಹಕ್ಕೆ ನಾವೇ ತೆಗೆದ ಚಿತ್ರ ಹಾಕೋಣ, ಇಲ್ಲವಾದರೆ ಕಾಮನ್ಸಿನಿಂದ ತಂದು, ತೆಗೆದವರ ಹೆಸರು, ಪರವಾನಗಿಯ ಹೆಸರು ಎರಡನ್ನೂ ಬರೆಯೋಣ. ನಿಮ್ಮ ಬಡಾವಣೆಯ ಯಾವ ಲೇಖನಕ್ಕೆ ಚಿತ್ರವಿಲ್ಲ, ಯಾರ ಮನೆಯ ಅಲ್ಬಮ್ಮಿನಲ್ಲಿ ಅದು ಇರಬಹುದು ಅಂತ ಕಾಮೆಂಟಿನಲ್ಲಿ ತಿಳಿಸಿ. ಕೃಷ್ಣಮೂರ್ತಿಪುರಂ ಆಸುಪಾಸಿನದಾದರೆ ನಾನೇ ಹೋಗಿ ಕೇಳಿಕೊಂಡು ಬರುತ್ತೇನೆ. ಕಾಫಿಯೂ ಸಿಗಬಹುದು :)