ಮುಟ್ಟಿನ ಮೈಲಿಗೆ: ಕಾಯ್ದೆ ದಾಟದ ಹೊಸ್ತಿಲು

ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ 2023ರ ಜುಲೈ ತಿಂಗಳಲ್ಲಿ ಹಸುಗೂಸೊಂದು ಮೃತಪಟ್ಟಿತು. ಸೂತಕದ ಹೆಸರಿನಲ್ಲಿ ಬಾಣಂತಿಯನ್ನೂ ಮಗುವನ್ನೂ ಊರ ಹೊರಗಿನ ಗುಡಿಸಲಿನಲ್ಲಿ ಇರಿಸಲಾಗಿತ್ತು. ಮಳೆ ಮತ್ತು ಶೀತಗಾಳಿಯ ಆ ದಿನಗಳನ್ನು ಎಳೆಯ ಜೀವ ತಾಳಿಕೊಳ್ಳಲಿಲ್ಲ. ಸುದ್ದಿ ಹೊರಬಿದ್ದ ಮೇಲೆ ಮೊಕದ್ದಮೆ ದಾಖಲಾಯಿತು. ಅಧಿಕಾರಿಗಳು ಹಟ್ಟಿಗೆ ಧಾವಿಸಿ ಜನರಿಗೆ ತಿಳಿವಳಿಕೆ ಹೇಳಿದರು. ಆದರೆ ಇಂತಹ ಆಚರಣೆಯನ್ನು ಅಪರಾಧವೆಂದು ಸಾರುವ ಕಾಯ್ದೆ ರಾಜ್ಯದಲ್ಲಿ ಜಾರಿಗೆ ಬಂದು ಆ ಹೊತ್ತಿಗೆ ಮೂರು ವರ್ಷಗಳು ಕಳೆದಿದ್ದವು.

ಸಾಮಾನ್ಯವಾಗಿ ಮೌಢ್ಯ ನಿಷೇಧ ಕಾಯ್ದೆ ಎಂದೇ ಕರೆಯಲ್ಪಡುವ 2017ರ ಈ ಶಾಸನ 2020ರ ಜನವರಿಯಲ್ಲಿ ಜಾರಿಗೊಂಡಿತು. ಮುಟ್ಟಾದ ಹೆಣ್ಣುಮಕ್ಕಳನ್ನು ಹಾಗೂ ಗರ್ಭಿಣಿಯರನ್ನು ಬಲವಂತವಾಗಿ ಪ್ರತ್ಯೇಕಿಸುವುದು, ಊರೊಳಗೆ ಬರದಂತೆ ತಡೆಯುವುದು ಅದರ ನಿಷೇಧ ಪಟ್ಟಿಯಲ್ಲಿದೆ. ತಪ್ಪಿತಸ್ಥರಿಗೆ ಒಂದರಿಂದ ಏಳು ವರ್ಷಗಳವರೆಗೆ ಸೆರೆವಾಸ ವಿಧಿಸಲು ಅವಕಾಶವಿದೆ. ಕಾಗದದ ಮೇಲೆ ಇದು ಕಠಿಣ ಕಾನೂನೇ ಸರಿ. ಪ್ರಶ್ನೆ ಇರುವುದು, ದೂರು ಕೊಡುವವರು ಯಾರು ಎಂಬಲ್ಲಿ.

ಹದಿಮೂರು ಹದಿನಾಲ್ಕರ ಬಾಲಕಿ ಠಾಣೆಯ ಮೆಟ್ಟಿಲೇರಿದರೆ ಆರೋಪಿ ಸ್ಥಾನದಲ್ಲಿ ನಿಲ್ಲುವವರು ಆಕೆಯ ತಂದೆ ತಾಯಿ, ಅಜ್ಜಿ. ನವವಿವಾಹಿತೆ ದೂರಿತ್ತರೆ ಅತ್ತೆ ಮಾವ. ಮೇಲಾಗಿ ಕಾಡುಗೊಲ್ಲರ ಹಟ್ಟಿಗಳಲ್ಲಿ ಮೈಲಿಗೆ ಒಂದು ಮನೆಯ ವಿಷಯವಲ್ಲ. ಜುಂಜಪ್ಪ, ಎತ್ತಪ್ಪನಂತಹ ದೈವಗಳ ಗುಡಿಯನ್ನು ಒಳಗೊಂಡ ಹಟ್ಟಿಯೆಲ್ಲವೂ ಪವಿತ್ರ ನೆಲ. ಒಬ್ಬಳು ಕಟ್ಟಳೆ ಮೀರಿದರೆ ದೈವದ ಮುನಿಸು ಎಲ್ಲರ ಮೇಲೂ, ಕುರಿಮಂದೆಯ ಮೇಲೂ ಎರಗುತ್ತದೆಂಬ ಭಯ ತಲೆಮಾರುಗಳಿಂದ ಹರಿದು ಬಂದಿದೆ. ಆದುದರಿಂದಲೇ ಕಾಲೇಜು ಮೆಟ್ಟಿಲು ಹತ್ತಿದ ಯುವತಿಯೂ ರಜೆಗೆ ಊರಿಗೆ ಬಂದಾಗ ತುಟಿಬಿಚ್ಚದೆ ಹೊರಗುಳಿಯುತ್ತಾಳೆ. ಅವಳಿಗೆ ನಂಬಿಕೆ ಇಲ್ಲದಿರಬಹುದು. ಆದರೆ ನಾಳೆ ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದರೆ ಬೆರಳು ತನ್ನತ್ತಲೇ ತಿರುಗುತ್ತದೆ ಎಂಬುದನ್ನು ಅವಳು ಬಲ್ಲಳು.

ಇದಕ್ಕೆ ಸರಕಾರ ಕಂಡುಕೊಂಡ ಪರಿಹಾರಗಳಲ್ಲೊಂದು ಹಟ್ಟಿಗಳ ಬಳಿ ಮಹಿಳಾ ಭವನಗಳನ್ನು ಕಟ್ಟಿಸಿದ್ದು. ಗುಡಿಸಲಿಗಿಂತ ಸೂರು ಲೇಸು, ಹಾವು ಚೇಳುಗಳ ಭಯವಾದರೂ ತಪ್ಪುತ್ತದೆ ಎಂಬುದು ಇದರ ಹಿಂದಿನ ವಾದ. ಆ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು. ಆದರೆ ಯಾವ ಪ್ರತ್ಯೇಕತೆಯನ್ನು ಕಾಯ್ದೆ ಅಪರಾಧವೆನ್ನುತ್ತದೆಯೋ ಅದಕ್ಕೆ ಸರಕಾರಿ ಹಣದಲ್ಲಿ ಗಟ್ಟಿ ಗೋಡೆ ಎದ್ದಂತಾಯಿತಲ್ಲವೆ? ಹಾಗೆಂದು ಗುಡಿಸಲುಗಳನ್ನು ಕೆಡವಿದ ಮಾತ್ರಕ್ಕೆ ಎಲ್ಲವೂ ಸರಿಹೋಗುತ್ತದೆ ಎನ್ನಲೂ ಬರುವುದಿಲ್ಲ. ನೇಪಾಳದ ಪಶ್ಚಿಮ ಜಿಲ್ಲೆಗಳ ‘ಛೌಪಡಿ’ ಪದ್ಧತಿಯನ್ನು ಅಲ್ಲಿನ ಸುಪ್ರೀಂ ಕೋರ್ಟ್ 2005ರಲ್ಲೇ ನಿಷೇಧಿಸಿತ್ತು. 2018ರ ಆಗಸ್ಟ್‌ನಿಂದ ಅದು ಶಿಕ್ಷಾರ್ಹ ಅಪರಾಧವೂ ಆಯಿತು. ಆದರೂ 2019ರ ಜನವರಿಯಲ್ಲಿ ಬಾಜುರಾ ಜಿಲ್ಲೆಯ ಇಂತಹ ಗುಡಿಸಲೊಂದರಲ್ಲಿ ತಾಯಿ ಮತ್ತು ಆಕೆಯ ಇಬ್ಬರು ಮಕ್ಕಳು ಪ್ರಾಣ ಬಿಟ್ಟರು. ಮನಸ್ಸಿನೊಳಗಿನ ಗುಡಿಸಲು ಹಾಗೆಯೇ ಉಳಿದರೆ ಹೊರಗಿನದು ಮತ್ತೆ ಮೇಲೇಳುತ್ತದೆ.

ಹಾಗೆಂದು ಇಡೀ ಕಳಂಕವನ್ನು ಒಂದು ಸಮುದಾಯದ ತಲೆಗೆ ಕಟ್ಟುವುದು ಅನ್ಯಾಯ. ‘ಹೊರಗೆ ಕೂರುವ’ ಪದ್ಧತಿ ರಾಜ್ಯದ ಅನೇಕ ಜಾತಿಗಳ ಮನೆಗಳಲ್ಲಿ ಇಂದಿಗೂ ಇದೆ. ನಗರದಲ್ಲಿ ಅದು ಅಡುಗೆಮನೆ, ದೇವರ ಕೋಣೆ, ಉಪ್ಪಿನಕಾಯಿ ಭರಣಿಗಳಿಗೆ ಸೀಮಿತವಾಗಿದೆ, ಅಷ್ಟೆ. ಮಗಳು ಮೈನೆರೆದಾಗ ನೆಂಟರಿಷ್ಟರನ್ನು ಕರೆದು ಆರತಿ ಎತ್ತಿ ಊರಿಗೆಲ್ಲ ಸಾರುವ ಮನೆಯೇ, ಮರುತಿಂಗಳಿನಿಂದ ಅದೇ ವಿಷಯವನ್ನು ಗಂಡಸರ ಕಿವಿಗೆ ಬೀಳದಂತೆ ಮುಚ್ಚಿಡಲು ಅವಳಿಗೆ ಕಲಿಸುತ್ತದೆ. ಔಷಧದ ಅಂಗಡಿಯವನು ಕೇಳದಿದ್ದರೂ ಪ್ಯಾಡನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಕೊಡುತ್ತಾನೆ. ಹನ್ನೆರಡನೆಯ ಶತಮಾನದಲ್ಲೇ ಶರಣರು ಜನನ, ಜಾತಿ, ರಜ, ಉಚ್ಛಿಷ್ಟ, ಪ್ರೇತವೆಂಬ ಪಂಚಸೂತಕಗಳನ್ನು ನಿರಾಕರಿಸಿದ ನಾಡಿದು. ಎಂಟು ನೂರು ವರ್ಷಗಳ ಮೇಲೂ ರಜಸೂತಕ ಮನೆಮನೆಯಲ್ಲಿ ಉಳಿದಿರುವುದು ಯೋಚಿಸಬೇಕಾದ ಸಂಗತಿ.

ಸೌಲಭ್ಯಗಳ ವಿಷಯದಲ್ಲಿ ಪ್ರಗತಿ ಆಗಿಲ್ಲವೆಂದಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 24 ವರ್ಷದ ಮಹಿಳೆಯರಲ್ಲಿ ಮುಟ್ಟಿನ ವೇಳೆ ಶುಚಿಯಾದ ವಿಧಾನ ಬಳಸುವವರ ಪ್ರಮಾಣ 2015-16ರಲ್ಲಿ ಶೇ. 58ರಷ್ಟಿದ್ದುದು 2019-21ರ ಹೊತ್ತಿಗೆ ಶೇ. 78ಕ್ಕೆ ಏರಿತು. ಪ್ಯಾಡುಗಳ ಮೇಲಿದ್ದ ಶೇ. 12ರ ಜಿಎಸ್‌ಟಿ 2018ರ ಜುಲೈನಲ್ಲಿ ರದ್ದಾಯಿತು. ಕರ್ನಾಟಕದಲ್ಲಿ 2013-14ರಲ್ಲಿ ಆರಂಭವಾದ ‘ಶುಚಿ’ ಯೋಜನೆ ಸರಕಾರಿ ಶಾಲೆಯ ಹೆಣ್ಣುಮಕ್ಕಳಿಗೆ ಉಚಿತವಾಗಿ ಪ್ಯಾಡ್ ನೀಡಿತು. ಆದರೆ ಕೆಲ ವರ್ಷಗಳ ಬಳಿಕ ಅದು ನಿಂತೇಹೋಗಿ, 2024ರಲ್ಲಷ್ಟೇ ಮತ್ತೆ ಜೀವ ಪಡೆಯಿತು. ನಡುವಿನ ವರ್ಷಗಳಲ್ಲಿ ಶಾಲೆಯಲ್ಲಿದ್ದ ಬಾಲಕಿಯರ ಪರವಾಗಿ ದೊಡ್ಡ ದನಿ ಏಳಲಿಲ್ಲ. ಮಾತನಾಡಲೇ ನಾಚುವ ವಿಷಯಕ್ಕೆ ಹಕ್ಕೊತ್ತಾಯ ಹುಟ್ಟುವುದಾದರೂ ಹೇಗೆ?

ಮೌನದ ಬೇರು ತರಗತಿಯಲ್ಲೂ ಇದೆ. 2007ರಲ್ಲಿ ಶಾಲೆಗಳ ಹದಿಹರೆಯದ ಶಿಕ್ಷಣ ಕಾರ್ಯಕ್ರಮಕ್ಕೆ ತಡೆಯೊಡ್ಡಿದ ರಾಜ್ಯಗಳ ಸಾಲಿನಲ್ಲಿ ಕರ್ನಾಟಕವೂ ಇತ್ತು. ಸಂತಾನೋತ್ಪತ್ತಿಯ ಪಾಠ ಬಂದಾಗ ‘ಮನೆಯಲ್ಲಿ ಓದಿಕೊಳ್ಳಿ’ ಎಂದು ಪುಟ ತಿರುವುವ ಶಿಕ್ಷಕರು ಅಪರೂಪವಲ್ಲ. ಪರಿಣಾಮವಾಗಿ ಹುಡುಗಿಗೆ ಮುಟ್ಟು ಶಾಪವಾಗಿ, ಹುಡುಗನಿಗೆ ಅದು ನಗೆಯ ವಸ್ತುವಾಗಿ ಕಾಣುತ್ತದೆ. ತನ್ನ ಮೈಯಲ್ಲಾಗುವ ಬದಲಾವಣೆಯನ್ನೂ ಯಾರಲ್ಲೂ ಕೇಳಲಾಗದ ಆ ಹುಡುಗ ಅರೆಬೆಂದ ತಿಳಿವಳಿಕೆಯನ್ನು ಮೊಬೈಲಿನಿಂದ ಪಡೆಯುತ್ತಾನೆ. ನಾಳೆ ಗಂಡನಾಗಿ, ತಂದೆಯಾಗಿ ಹೊಸ್ತಿಲ ಒಳಗೆ ನಿಂತು ‘ಹೊರಗಿರು’ ಎನ್ನುವವನೂ ಅವನೇ.

ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಸರಕಾರಿ ಹಾಗೂ ಖಾಸಗಿ ವಲಯದ ಮಹಿಳೆಯರಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನಗಳ ವೇತನಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ನೀಡಿತು. ಉದ್ಯೋಗದಾತರು ಹೆಣ್ಣುಮಕ್ಕಳನ್ನು ನೇಮಿಸಿಕೊಳ್ಳಲು ಹಿಂಜರಿದಾರು ಎಂಬ ಆತಂಕ ವ್ಯಕ್ತವಾಯಿತು. ವಿಷಯ ಹೈಕೋರ್ಟಿನ ಮೆಟ್ಟಿಲನ್ನೂ ಏರಿತು. ವಾದ ಏನೇ ಇರಲಿ, ಗಾರ್ಮೆಂಟ್ಸ್ ಕಾರ್ಖಾನೆಯ ಯುವತಿ ಮೇಲ್ವಿಚಾರಕನ ಮುಂದೆ ನಿಂತು ಆ ಪದವನ್ನು ಉಚ್ಚರಿಸಲು ಸಾಧ್ಯವಾದಾಗ ಮಾತ್ರ ಈ ಸೌಲಭ್ಯ ಅವಳದಾಗುತ್ತದೆ.

ಆಗಬೇಕಾದ ಕೆಲಸ ದೊಡ್ಡ ವೆಚ್ಚದ್ದೇನಲ್ಲ. ಹದಿಹರೆಯದ ಪಾಠವನ್ನು ಹುಡುಗ ಹುಡುಗಿಯರಿಬ್ಬರಿಗೂ ತಪ್ಪದೆ ಹೇಳಿಕೊಡಬೇಕು. ಹಟ್ಟಿಗಳಲ್ಲಿ ಪೊಲೀಸರಿಗಿಂತ ಮೊದಲು ಆಶಾ ಕಾರ್ಯಕರ್ತೆಯರು, ಪೂಜಾರಿಗಳು, ಓದಿದ ಯುವಕರು ಒಂದೆಡೆ ಕುಳಿತು ಮಾತನಾಡಬೇಕು. ಒಂಟಿ ಮನೆ ಕಟ್ಟಳೆ ಮುರಿದರೆ ಬಹಿಷ್ಕಾರದ ಭೀತಿ; ಹತ್ತು ಮನೆಗಳು ಒಟ್ಟಾಗಿ ಮುರಿದರೆ ಅದೇ ಹೊಸ ಕಟ್ಟಳೆ. ಆ ಹತ್ತು ಮನೆಗಳ ಬೆನ್ನಿಗೆ ನಿಲ್ಲುವುದಷ್ಟೇ ಕಾಯ್ದೆಯ ಕೆಲಸ. ಹೆಣ್ಣುಮಕ್ಕಳನ್ನು ಒಳಗೆ ಕರೆಯಬೇಕಾದವರು ಮನೆಯವರೇ.