ಛಾಯಾಚಿತ್ರಗಳ ಮುದ್ರಣ: ಮನೆಯಲ್ಲೋ, ಅಂಗಡಿಯಲ್ಲೋ?

ಇಂದು ಛಾಯಾಚಿತ್ರವನ್ನು ತೆಗೆಯುವುದಕ್ಕೆ ಹೆಚ್ಚುಕಡಿಮೆ ಖರ್ಚೇ ಇಲ್ಲ. ಅದನ್ನು ಕಾಗದದ ಮೇಲೆ ಇಳಿಸುವುದಕ್ಕೆ ಮಾತ್ರ ಖರ್ಚು ತಪ್ಪಿದ್ದಲ್ಲ. ಮೊಬೈಲಿನಲ್ಲಿ ಸಾವಿರಾರು ಚಿತ್ರಗಳನ್ನು ತುಂಬಿಕೊಂಡಿರುವ ವಿದ್ಯಾರ್ಥಿಗೂ ಅವುಗಳಲ್ಲಿ ಕೆಲವನ್ನು ಗೋಡೆಗೆ ಹಾಕಬೇಕು, ಊರಿನಲ್ಲಿರುವ ಅಜ್ಜಿಗೆ ಕಳುಹಿಸಬೇಕು ಎಂಬ ಆಸೆ ಒಮ್ಮೆಯಾದರೂ ಹುಟ್ಟದೆ ಇರದು. ಆಗ ಎರಡು ದಾರಿಗಳು ತೋರುತ್ತವೆ. ಛಾಯಾಚಿತ್ರ ಮುದ್ರಿಸುವ ಪ್ರಿಂಟರೊಂದನ್ನು ಕೊಂಡು ಮನೆಯಲ್ಲಿಟ್ಟುಕೊಳ್ಳುವುದು ಒಂದು. ಪೇಟೆಯ ಸ್ಟುಡಿಯೋಗೆ ಹೋಗಿ ಮುದ್ರಿಸಿಕೊಂಡು ಬರುವುದು ಇನ್ನೊಂದು. ಜಾಹೀರಾತುಗಳು ಮೊದಲನೆಯ ದಾರಿಯನ್ನೇ ಹೊಗಳುತ್ತವೆ. ನಮ್ಮ ಅಭಿಪ್ರಾಯ ಬೇರೆ. ತಿಂಗಳಿಗೆ ಹತ್ತಿಪ್ಪತ್ತು ಚಿತ್ರಗಳನ್ನೂ ಮುದ್ರಿಸದ ಸಾಮಾನ್ಯ ಮನೆಗೆ ಸ್ಟುಡಿಯೋವೇ ಮೇಲು. ಹೀಗೆ ಹೇಳುವುದಕ್ಕೆ ನಮಗಿರುವ ಕಾರಣಗಳನ್ನು ಇಲ್ಲಿ ವಿವರಿಸುತ್ತೇವೆ.

ಈ ಪ್ರಶ್ನೆ ಹೊಸದೇನೂ ಅಲ್ಲ. ಛಾಯಾಗ್ರಹಣದ ಮೊದಲ ದಶಕಗಳಲ್ಲಿ ಚಿತ್ರ ತೆಗೆದವನೇ ಅದನ್ನು ಸಂಸ್ಕರಿಸಬೇಕಾಗಿತ್ತು. ಹವ್ಯಾಸಿಯಾದವನು ಅರೆಬರೆ ರಸಾಯನಶಾಸ್ತ್ರಜ್ಞನೂ ಆಗಿರಬೇಕಾಗಿತ್ತು. 1888ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ ಎಂಬಾತ ತನ್ನ ಕೊಡಕ್ ಕ್ಯಾಮೆರಾವನ್ನು ಮಾರಾಟಕ್ಕೆ ತಂದಾಗ ಅದರೊಳಗೆ ನೂರು ಚಿತ್ರಗಳಿಗೆ ಸಾಕಾಗುವ ಫಿಲ್ಮ್ ಸುರುಳಿ ಇತ್ತು. ಕೊಂಡವನು ನೂರು ಚಿತ್ರಗಳನ್ನು ತೆಗೆದು ಕ್ಯಾಮೆರಾವನ್ನೇ ಕಾರ್ಖಾನೆಗೆ ಕಳುಹಿಸಿದರೆ ಚಿತ್ರಗಳು ಮುದ್ರಿತವಾಗಿ, ಹೊಸ ಸುರುಳಿ ತುಂಬಿದ ಕ್ಯಾಮೆರಾ ಹಿಂದಿರುಗುತ್ತಿತ್ತು. ಚಿತ್ರ ತೆಗೆಯುವ ಕೆಲಸವೂ ಮುದ್ರಿಸುವ ಕೆಲಸವೂ ಹೀಗೆ ಬೇರೆಬೇರೆಯಾದುದರಿಂದಲೇ ಛಾಯಾಗ್ರಹಣ ಜನಸಾಮಾನ್ಯರ ಕೈಗೆ ಬಂದಿತು. ಮನೆಯ ಪ್ರಿಂಟರು ಈ ಎರಡು ಕೆಲಸಗಳನ್ನು ಮತ್ತೆ ಒಂದೇ ಸೂರಿನಡಿ ತರಲು ಹೊರಟಿದೆ. ಅದು ಎಷ್ಟರಮಟ್ಟಿಗೆ ಸಾಧ್ಯವೆಂಬುದನ್ನು ತಿಳಿಯಲು ಯಂತ್ರಗಳ ಒಳಗನ್ನು ಸ್ವಲ್ಪ ನೋಡಬೇಕು.

ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಶಾಯಿಯನ್ನು ಚಿಮ್ಮಿಸುವ ಇಂಕ್‌ಜೆಟ್ ಯಂತ್ರ. ಇದರಲ್ಲಿ ಕೂದಲಿಗಿಂತ ಕಿರಿದಾದ ನೂರಾರು ರಂಧ್ರಗಳಿರುತ್ತವೆ. ಶಾಯಿಯನ್ನು ಹೊರದೂಡಲು ಎರಡು ವಿಧಾನಗಳುಂಟು. 1977ರಲ್ಲಿ ಜಪಾನಿನ ಕ್ಯಾನನ್ ಸಂಸ್ಥೆಯ ಪ್ರಯೋಗಾಲಯದಲ್ಲಿ ಬಿಸಿಯಾದ ಬೆಸುಗೆ ಕಡ್ಡಿಯೊಂದು ಶಾಯಿ ತುಂಬಿದ ಪಿಚಕಾರಿಯ ಸೂಜಿಗೆ ತಗುಲಿ, ಶಾಯಿ ತಟ್ಟನೆ ಹೊರಚಿಮ್ಮಿತು. ಕಾವಿನಿಂದ ಕ್ಷಣಾರ್ಧದಲ್ಲಿ ಹುಟ್ಟುವ ಆವಿಯ ಗುಳ್ಳೆ ಶಾಯಿಯನ್ನು ತಳ್ಳಬಲ್ಲುದೆಂಬ ತಿಳಿವಳಿಕೆ ಅಲ್ಲಿಂದ ಯಂತ್ರರೂಪಕ್ಕೆ ಬಂದಿತು. ಎರಡನೆಯ ವಿಧಾನ ಎಪ್ಸನ್ ಸಂಸ್ಥೆಯ ಪ್ರಿಂಟರುಗಳಲ್ಲಿದೆ. ವಿದ್ಯುತ್ತನ್ನು ಹಾಯಿಸಿದಾಗ ಕೆಲವು ವಸ್ತುಗಳು ಆಕಾರ ಬದಲಿಸಿ ಬಾಗುತ್ತವೆ; ಆ ಬಾಗುವಿಕೆಯೇ ಇಲ್ಲಿ ಶಾಯಿಯನ್ನು ಹಿಂಡುತ್ತದೆ. ಕ್ಯೂರಿ ಸೋದರರು 1880ರಲ್ಲಿ ಸ್ಫಟಿಕಗಳಲ್ಲಿ ಕಂಡ ಒತ್ತಡವಿದ್ಯುತ್ತಿನ ಪರಿಣಾಮದ ಮರುಮುಖವಿದು. ಹೀಗೆ ಚಿಮ್ಮುವ ಹನಿಯ ಗಾತ್ರ ಒಂದೆರಡು ಪಿಕೋಲೀಟರಿನಷ್ಟಿರಬಹುದು. ಒಂದು ಪಿಕೋಲೀಟರ್ ಎಂದರೆ ಲೀಟರಿನ ಲಕ್ಷ ಕೋಟಿಯಲ್ಲಿ ಒಂದು ಪಾಲು.

ಅಂಗೈಯಗಲದ ಕಾಗದಕ್ಕೆಂದೇ ಮಾಡಿದ ಇನ್ನೊಂದು ಬಗೆಯ ಚಿಕ್ಕ ಯಂತ್ರವೂ ಇದೆ. ಇದರಲ್ಲಿ ದ್ರವರೂಪದ ಶಾಯಿಯಿಲ್ಲ. ಬಣ್ಣ ಹಚ್ಚಿದ ತೆಳುವಾದ ಪಟ್ಟಿಯನ್ನು ಬಿಸಿಮಾಡಿ, ಬಣ್ಣವನ್ನು ಕಾಗದದ ಮೇಲ್ಪದರಕ್ಕೆ ಇಳಿಸಲಾಗುತ್ತದೆ. ಕಾಗದವು ಹಳದಿ, ಕೆನ್ನೇರಳೆ, ಹಸಿರುನೀಲಿ ಬಣ್ಣಗಳಿಗಾಗಿ ಮೂರು ಸಲವೂ, ರಕ್ಷಣೆಯ ಪಾರದರ್ಶಕ ಲೇಪಕ್ಕಾಗಿ ನಾಲ್ಕನೆಯ ಸಲವೂ ಯಂತ್ರದೊಳಗೆ ಹಾದುಹೋಗುತ್ತದೆ. ಶಾಯಿ ಒಣಗುವ ತೊಂದರೆ ಇದಕ್ಕಿಲ್ಲ. ಆದರೆ ಚಿತ್ರದಲ್ಲಿ ಬಣ್ಣ ಹೆಚ್ಚಿರಲಿ ಕಡಮೆಯಿರಲಿ, ಪ್ರತಿ ಚಿತ್ರಕ್ಕೂ ಪಟ್ಟಿಯ ಒಂದು ಪೂರ್ಣ ಭಾಗ ಖರ್ಚಾಗಿಯೇ ತೀರುತ್ತದೆ.

ದೊಡ್ಡ ಊರುಗಳ ಮುದ್ರಣಾಲಯಗಳಲ್ಲಿರುವ ಯಂತ್ರದ ರೀತಿ ಬೇರೆ. ಅಲ್ಲಿಯ ಕಾಗದದ ಮೇಲೆ ಬೆಳ್ಳಿಯ ಲವಣಗಳ ಪದರಗಳಿರುತ್ತವೆ. ಕೆಂಪು, ಹಸಿರು, ನೀಲಿ ಲೇಸರ್ ಕಿರಣಗಳು ಅದರ ಮೇಲೆ ಚಿತ್ರವನ್ನು ಬರೆಯುತ್ತವೆ. ಅನಂತರ ಕಾಗದವು ರಾಸಾಯನಿಕ ದ್ರವಗಳಲ್ಲಿ ಮಿಂದು, ಬೆಳಕು ಬಿದ್ದಲ್ಲಿ ಬಣ್ಣ ಮೂಡಿ, ಬೆಳ್ಳಿ ಪೂರ್ತಿಯಾಗಿ ಕಳೆದುಹೋಗಿ, ತೊಳೆದು ಒಣಗಿ ಹೊರಬರುತ್ತದೆ. ಎಲ್ಲ ಸ್ಟುಡಿಯೋಗಳಲ್ಲಿಯೂ ಈ ಯಂತ್ರವಿರುವುದಿಲ್ಲ. ಎಷ್ಟೋ ಅಂಗಡಿಗಳು ನಾವು ಮೇಲೆ ಹೇಳಿದ ಎರಡು ಬಗೆಗಳಲ್ಲೇ ಒಂದನ್ನು ಇಟ್ಟುಕೊಂಡಿರುತ್ತವೆ. ದೊಡ್ಡ ಕೆಲಸ ಬಂದರೆ ನಗರದ ಮುದ್ರಣಾಲಯಕ್ಕೆ ಕಳುಹಿಸಿಕೊಡುತ್ತವೆ.

ಇವುಗಳಲ್ಲಿ ಯಾವುದರ ಚಿತ್ರ ಚೆನ್ನ? ಒಳ್ಳೆಯ ಕಾಗದ ಹಾಕಿ ಸರಿಯಾಗಿ ನಡೆಸಿದರೆ ಮೂರೂ ಕಣ್ಣಿಗೆ ತೃಪ್ತಿಯನ್ನೇ ಕೊಡುತ್ತವೆ. 6 ಅಂಗುಲ ಉದ್ದ, 4 ಅಂಗುಲ ಅಗಲದ ಚಿತ್ರಕ್ಕೆ ಅಂಗುಲಕ್ಕೆ 300 ಚಿತ್ರಬಿಂದುಗಳಂತೆ ಲೆಕ್ಕ ಹಾಕಿದರೆ 1800ನ್ನು 1200ರಿಂದ ಗುಣಿಸಿ 21,60,000 ಬಿಂದುಗಳು ಸಾಕು. ಇಂದಿನ ಸಾಧಾರಣ ಮೊಬೈಲು ಸಹ ಇದರ ಹಲವು ಪಟ್ಟು ಬಿಂದುಗಳನ್ನು ಕೊಡುತ್ತದೆ. ಆದುದರಿಂದ ಗುಣಮಟ್ಟವೊಂದನ್ನೇ ಹಿಡಿದು ಮನೆ, ಅಂಗಡಿಗಳ ನಡುವೆ ತೀರ್ಪು ಕೊಡುವಂತಿಲ್ಲ. ತೀರ್ಪು ಕೊಡಬೇಕಾದುದು ಲೆಕ್ಕ.

ಬೆಲೆಗಳು ಊರಿಂದೂರಿಗೆ, ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ನಾವು ಕೇವಲ ಉದಾಹರಣೆಗೆಂದು ಕೆಲವು ಅಂಕಿಗಳನ್ನು ಭಾವಿಸಿಕೊಳ್ಳೋಣ. ಪ್ರಿಂಟರಿನ ಬೆಲೆ 15,000 ರೂಪಾಯಿ. ಶಾಯಿ, ಕಾಗದ ಸೇರಿ ಮನೆಯಲ್ಲಿ ಒಂದು ಚಿತ್ರಕ್ಕೆ 7 ರೂಪಾಯಿ. ಅಂಗಡಿಯಲ್ಲಿ 12 ರೂಪಾಯಿ. ಒಂದು ಚಿತ್ರಕ್ಕೆ ಉಳಿತಾಯ 5 ರೂಪಾಯಿ. 15,000ವನ್ನು 5ರಿಂದ ಭಾಗಿಸಿದರೆ 3,000. ಎಂದರೆ, 3,000 ಚಿತ್ರಗಳನ್ನು ಮುದ್ರಿಸಿದ ಮೇಲೆ ಯಂತ್ರದ ಹಣ ಹಿಂದಿರುಗಿದಂತಾಯಿತು. ವರ್ಷಕ್ಕೆ 600 ಚಿತ್ರ ಮುದ್ರಿಸುವವರಿಗೆ ಐದು ವರ್ಷಗಳಲ್ಲಿ ಇದು ಕೈಗೂಡೀತು. ವರ್ಷಕ್ಕೆ 100 ಮುದ್ರಿಸುವವರಿಗೆ ಮೂವತ್ತು ವರ್ಷಗಳು ಬೇಕು. ಅಷ್ಟುಕಾಲ ಬಾಳುವ ಮನೆಬಳಕೆಯ ಪ್ರಿಂಟರನ್ನು ನಾವು ಕಂಡಿಲ್ಲ. ಇನ್ನೂ ಒಂದು ಮಾತು. ಬಣ್ಣ ಹೊಂದದೆ, ಕಾಗದ ಸಿಕ್ಕಿಕೊಂಡು ನಾಲ್ಕರಲ್ಲಿ ಒಂದು ಚಿತ್ರ ಹಾಳಾಯಿತೆನ್ನೋಣ. ಆಗ ಒಳ್ಳೆಯ ಚಿತ್ರವೊಂದರ ಖರ್ಚು 9 ರೂಪಾಯಿ 33 ಪೈಸೆಗೆ ಏರಿ, 3,000 ಎಂಬುದು 5,600ನ್ನು ಮೀರುತ್ತದೆ. ಅಂಗಡಿಯಲ್ಲಿ ಹಾಳಾದ ಚಿತ್ರದ ನಷ್ಟ ಸಾಮಾನ್ಯವಾಗಿ ಅಂಗಡಿಯವನದು. ಓದುಗರು ತಮ್ಮ ಊರಿನ ಬೆಲೆಗಳನ್ನು ವಿಚಾರಿಸಿ ಇದೇ ಲೆಕ್ಕವನ್ನು ತಾವೇ ಮಾಡಿ ನೋಡಬಹುದು.

ಈ ಲೆಕ್ಕದಲ್ಲಿ ಸೇರದ ಖರ್ಚೊಂದಿದೆ. ನಮ್ಮ ದೃಷ್ಟಿಯಲ್ಲಿ ಅದೇ ಎಲ್ಲಕ್ಕಿಂತ ಮುಖ್ಯವಾದುದು. ಇಂಕ್‌ಜೆಟ್ ಯಂತ್ರ ಸುಮ್ಮನೆ ಕುಳಿತರೆ ಕೆಡುತ್ತದೆ. ಶಾಯಿಯಲ್ಲಿರುವ ನೀರು ಆರಿ, ಉಳಿದ ಬಣ್ಣ ಸೂಕ್ಷ್ಮ ರಂಧ್ರಗಳಲ್ಲಿ ಗಟ್ಟಿಯಾಗುತ್ತದೆ. ಅದನ್ನು ಬಿಡಿಸಲು ಯಂತ್ರವು ಶಾಯಿಯನ್ನೇ ರಂಧ್ರಗಳ ಮೂಲಕ ಎಳೆದು ತನ್ನೊಳಗಿನ ಹೀರುಪಟ್ಟಿಗೆ ಚೆಲ್ಲುತ್ತದೆ. ಹೀಗೆ ಒಂದು ಚಿತ್ರವನ್ನೂ ಮುದ್ರಿಸದೆ ಶಾಯಿ ಮುಗಿಯುವುದುಂಟು. ನಮ್ಮ ಬಯಲುಸೀಮೆಯ ಬೇಸಗೆಯಲ್ಲಿ ದೀಪಾವಳಿಗೊಮ್ಮೆ, ಯುಗಾದಿಗೊಮ್ಮೆ ಎಚ್ಚರಗೊಳ್ಳುವ ಪ್ರಿಂಟರಿನ ಗತಿ ಏನಾದೀತೆಂದು ಊಹಿಸಬಹುದು. ರಂಧ್ರ ಕಟ್ಟಿಕೊಂಡ ಯಂತ್ರ ಕೊನೆಗೆ ಅಟ್ಟ ಸೇರುತ್ತದೆ, ಅಲ್ಲಿಂದ ಕಸಕ್ಕೆ ಹೋಗುತ್ತದೆ.

ಮುದ್ರಣಾಲಯದ ಯಂತ್ರಕ್ಕೂ ಇದೇ ನಿಯಮ ಅನ್ವಯಿಸುತ್ತದೆ. ಕೆಲಸವಿಲ್ಲದೆ ನಿಂತರೆ ಅದರ ದ್ರವಗಳೂ ಗಾಳಿಯ ಆಮ್ಲಜನಕದೊಡನೆ ಕೂಡಿ ಬಲಗುಂದುತ್ತವೆ. ಆದರೆ ಊರಿನವರೆಲ್ಲರ ಚಿತ್ರಗಳು ಅಲ್ಲಿಗೆ ಬರುವುದರಿಂದ ಯಂತ್ರ ದಿನವೂ ನಡೆಯುತ್ತದೆ, ದ್ರವಗಳು ದಿನವೂ ಹೊಸದಾಗುತ್ತವೆ. ಮನೆಯಲ್ಲಿ ಪ್ರತಿದಿನ ರಾಗಿಮುದ್ದೆ ಮಾಡುವವರೂ ಹಿಟ್ಟಿನ ಗಿರಣಿಯನ್ನು ಮನೆಯಲ್ಲಿಟ್ಟುಕೊಳ್ಳುವುದಿಲ್ಲ. ರಾಗಿಯನ್ನು ಹಸನುಮಾಡಿ ಗಿರಣಿಗೆ ಕಳುಹಿಸುತ್ತಾರೆ. ಹತ್ತು ಮನೆಯವರ ಕೆಲಸ ಒಂದೆಡೆ ಸೇರಿದಾಗ ಮಾತ್ರ ಚೆನ್ನಾಗಿ ನಡೆಯುವ ಯಂತ್ರಗಳಿರುತ್ತವೆ. ಛಾಯಾಚಿತ್ರದ ಮುದ್ರಣಯಂತ್ರ ಆ ಜಾತಿಗೆ ಸೇರಿದುದು.

ಬಾಳಿಕೆಯ ಮಾತನ್ನೂ ಹೇಳಬೇಕು. ನೀರಿನಲ್ಲಿ ಕರಗಿದ ಬಣ್ಣದ ಶಾಯಿ ಬೆಳಕಿಗೂ, ಗಾಳಿಯಲ್ಲಿರುವ ಓಜೋನಿಗೂ ಬೇಗ ಮಾಸುತ್ತದೆ. ಕಣರೂಪದ ಬಣ್ಣದ ಶಾಯಿ ಹೆಚ್ಚು ಕಾಲ ನಿಲ್ಲುತ್ತದೆ. ಕಾಗದವೂ ಇದರಲ್ಲಿ ಪಾಲುಗೊಳ್ಳುತ್ತದೆ. ಅಮೆರಿಕದ ಹೆನ್ರಿ ವಿಲ್ಹೆಲ್ಮ್ ಅವರು ವರ್ಣಚಿತ್ರಗಳ ಬಾಳಿಕೆಯೊಂದನ್ನೇ ವಿಷಯವಾಗಿಟ್ಟುಕೊಂಡು 1993ರಲ್ಲಿ ದೊಡ್ಡ ಗ್ರಂಥವನ್ನು ಪ್ರಕಟಿಸಿದರೆಂದರೆ ಈ ಪ್ರಶ್ನೆಯ ಗಹನತೆ ತಿಳಿದೀತು. ಎಲ್ಲಿ ಮುದ್ರಿಸಿದರೂ ಚಿತ್ರವನ್ನು ಗಾಜಿನ ಹಿಂದೆ, ನೇರ ಬಿಸಿಲು ಬೀಳದ ಗೋಡೆಯ ಮೇಲೆ ಇಡುವುದು ಲೇಸು.

ಮನೆಯ ಪ್ರಿಂಟರಿನ ಪರವಾಗಿ ಹೇಳತಕ್ಕ ಮಾತುಗಳಿಲ್ಲವೆಂದಲ್ಲ. ಅಂಗಡಿಗೆ ಕೊಟ್ಟ ಚಿತ್ರದ ಪ್ರತಿ ಅಲ್ಲಿಯ ಕಂಪ್ಯೂಟರಿನಲ್ಲಿ ಉಳಿದುಬಿಡಬಹುದು. ಪರರ ಕಣ್ಣಿಗೆ ಬೀಳಬಾರದ ಚಿತ್ರಗಳನ್ನು ಮನೆಯಲ್ಲೇ ಮುದ್ರಿಸುವುದು ವಿವೇಕ. ಈ ವಿಷಯದಲ್ಲಿ ವಿದ್ಯಾರ್ಥಿನಿಯರ ಅಳುಕು ನ್ಯಾಯವಾದುದೆಂದೇ ನಾವು ತಿಳಿಯುತ್ತೇವೆ. ಪೇಟೆಗೆ ಹೋಗಲು ಅರ್ಧ ದಿನ ಹಿಡಿಯುವ ಹಳ್ಳಿಗಳಲ್ಲಿರುವವರಿಗೆ ಬಸ್ಸಿನ ಖರ್ಚೂ ಲೆಕ್ಕಕ್ಕೆ ಬರಬೇಕು. ಛಾಯಾಗ್ರಹಣವನ್ನೇ ಗಂಭೀರವಾಗಿ ಕಲಿಯುವವರು ಬಣ್ಣ, ಕಾಗದಗಳ ಮೇಲೆ ಪೂರ್ಣ ಹಿಡಿತ ಬಯಸುವುದು ಸಹಜ. ಅವರು ವಾರವಾರವೂ ಮುದ್ರಿಸುವುದರಿಂದ ಅವರ ಯಂತ್ರ ಒಣಗುವ ಸಂಭವವೂ ಕಡಮೆ. ಅಂತಹವರಿಗೆ ನಮ್ಮ ಸಲಹೆಯೊಂದಿದೆ. ಒಬ್ಬೊಬ್ಬರೂ ಒಂದೊಂದು ಪ್ರಿಂಟರು ಕೊಳ್ಳುವ ಬದಲು ಕಾಲೇಜಿನ ವಿಜ್ಞಾನ ಸಂಘವೋ ಛಾಯಾಗ್ರಹಣ ಸಂಘವೋ ಒಂದನ್ನು ಕೊಂಡು ಎಲ್ಲರೂ ಬಳಸಲಿ. ಬಳಕೆ ಹೆಚ್ಚಿದಷ್ಟೂ ಯಂತ್ರಕ್ಕೂ ಒಳ್ಳೆಯದು, ಕೈಚೀಲಕ್ಕೂ ಒಳ್ಳೆಯದು.

ಅಂಗಡಿಗೆ ಹೋಗುವವರೂ ಸ್ವಲ್ಪ ತಿಳಿದು ಹೋಗಬೇಕು. ಚಿತ್ರವನ್ನು ವಾಟ್ಸಾಪಿನಲ್ಲಿ ಎಂದಿನಂತೆ ಕಳುಹಿಸಿದರೆ ಅದು ಕುಗ್ಗಿ ವಿವರ ಕಳೆದುಕೊಳ್ಳುತ್ತದೆ. ಡಾಕ್ಯುಮೆಂಟ್ ಆಗಿ ಕಳುಹಿಸಿದರೆ, ಇಲ್ಲವೆ ಪೆನ್‌ಡ್ರೈವಿನಲ್ಲಿ ಒಯ್ದರೆ ಮೂಲವೇ ತಲುಪುತ್ತದೆ. ಮೊಬೈಲಿನ ಚಿತ್ರದ ಅಗಲ ಎತ್ತರಗಳು ಸಾಮಾನ್ಯವಾಗಿ 4ಕ್ಕೆ 3ರ ಪ್ರಮಾಣದಲ್ಲಿರುತ್ತವೆ. 6ಕ್ಕೆ 4ರ ಕಾಗದದ ಪ್ರಮಾಣ 3ಕ್ಕೆ 2. ಆದುದರಿಂದ ಕಾಗದ ತುಂಬುವಂತೆ ಮುದ್ರಿಸಿದರೆ ಚಿತ್ರದ ಒಂಬತ್ತನೆಯ ಒಂದು ಭಾಗ ಕತ್ತರಿಸಿಹೋಗುತ್ತದೆ. ಹಿಂದಿನ ಸಾಲಿನಲ್ಲಿ ನಿಂತವರ ತಲೆ ಹೋಗಬಾರದೆಂದಿದ್ದರೆ ಎಲ್ಲಿ ಕತ್ತರಿಸಬೇಕೆಂಬುದನ್ನು ಮೊದಲೇ ನಿಶ್ಚಯಿಸಬೇಕು. ಅರ್ಜಿಗಳಿಗೆ ಬೇಕಾದ 35 ಮಿಲಿಮೀಟರ್ ಅಗಲ, 45 ಮಿಲಿಮೀಟರ್ ಎತ್ತರದ ಭಾವಚಿತ್ರಗಳಾದರೆ ಅದೇ ಕಾಗದದಲ್ಲಿ ಎಂಟು ಹಿಡಿಯುತ್ತವೆ. ಪರದೆ ತಾನೇ ಬೆಳಕು ಸೂಸುತ್ತದೆ, ಕಾಗದ ಬಿದ್ದ ಬೆಳಕನ್ನಷ್ಟೇ ಮರಳಿಸುತ್ತದೆ; ಹೀಗಾಗಿ ಮುದ್ರಿತ ಚಿತ್ರ ತುಸು ಕಪ್ಪಾಗಿ ತೋರುವುದು ಸ್ವಾಭಾವಿಕ. ಹೆಚ್ಚು ಚಿತ್ರಗಳಿದ್ದರೆ ಮೊದಲು ಒಂದನ್ನು ಮುದ್ರಿಸಿ ನೋಡುವುದು ಜಾಣತನ.

ಕೊನೆಯದಾಗಿ, ಮನೆ ಅಂಗಡಿಗಳ ವಾದದಲ್ಲಿ ಮುದ್ರಿಸುವ ಕೆಲಸವೇ ಮರೆತುಹೋಗಬಾರದು. ನಮ್ಮ ಎಷ್ಟೋ ಮನೆಗಳಲ್ಲಿ ಅಜ್ಜ ಅಜ್ಜಿಯರ ಮದುವೆಯ ಕಪ್ಪುಬಿಳುಪಿನ ಚಿತ್ರ ಇಂದಿಗೂ ಗೋಡೆಯ ಮೇಲಿದೆ. ಅದನ್ನು ನೋಡಲು ಕಣ್ಣು, ಬೆಳಕು ಎರಡಿದ್ದರೆ ಸಾಕು. ಮೊಬೈಲು ಕಳೆದುಹೋದರೆ, ಗುಪ್ತಪದ ಮರೆತುಹೋದರೆ ಅದರೊಳಗಿನ ಸಾವಿರ ಚಿತ್ರಗಳೂ ಒಟ್ಟಿಗೆ ಹೋಗುವ ಅಪಾಯವುಂಟು. ಆದುದರಿಂದ ಪ್ರಿಂಟರಿಗೆಂದು ಹಣ ಕೂಡಿಡುತ್ತಿರುವ ವಿದ್ಯಾರ್ಥಿಗಳಿಗೆ ನಾವು ಹೇಳುವುದಿಷ್ಟು: ವರ್ಷಕ್ಕೊಮ್ಮೆ ಕುಳಿತು ಇಪ್ಪತ್ತೈದು ಒಳ್ಳೆಯ ಚಿತ್ರಗಳನ್ನು ಆರಿಸಿರಿ, ಸ್ಟುಡಿಯೋದಲ್ಲಿ ಮುದ್ರಿಸಿರಿ, ಹಿಂಬದಿಯಲ್ಲಿ ಮೆದುವಾದ ಪೆನ್ಸಿಲಿನಿಂದಲೋ ಇದಕ್ಕೆಂದೇ ಇರುವ ಪೆನ್ನಿನಿಂದಲೋ ಹೆಸರು, ಊರು, ವರ್ಷಗಳನ್ನು ಬರೆದಿಡಿರಿ. ನಾವು ಮೇಲೆ ಭಾವಿಸಿದ ದರದಲ್ಲಿ ಇದಕ್ಕೆ ತಗಲುವ ಖರ್ಚು 300 ರೂಪಾಯಿ ಮಾತ್ರ.