ಕಾಲದ ಮೇಲೆ ಗೂಬೆ ಕೂರಿಸುವುದೇಕೆ?

ಭಾನುವಾರದ ಪುರವಣಿಯನ್ನು ಬಿಡಿಸಿದರೆ ಸಾಕು, ಯಾರಾದರೊಬ್ಬರು ತಮ್ಮ ಬಾಲ್ಯವನ್ನು ನೆನೆದು ನಿಟ್ಟುಸಿರು ಬಿಡುತ್ತಿರುತ್ತಾರೆ. ನಮ್ಮ ಹೊಸಪೇಟೆಯ ಸುತ್ತಿನವರಿಗಂತೂ ಸಾಮಗ್ರಿಗೆ ಬರವಿಲ್ಲ: ರಾಯಕಾಲುವೆಯ ಈಜು, ಸಕ್ಕರೆ ಕಾರ್ಖಾನೆಗೆ ಹೊರಟ ಗಾಡಿಯಿಂದ ಸೆಳೆದ ಕಬ್ಬು, ಕಂಪ್ಲಿಯ ಹೊಳೆದಂಡೆ, ತಳವಾರಘಟ್ಟದ ಹರಿಗೋಲು, ಸಂಡೂರಿನ ಸೀತಾಫಲ, ಸಂತೆಯ ಮಂಡಕ್ಕಿ ಮಿರ್ಚಿ. ಈ ಪಟ್ಟಿಯಲ್ಲಿ ನಾನು ಸವಿಯದಿದ್ದುದು ಒಂದೂ ಇಲ್ಲ. ಆದ್ದರಿಂದ ಹೊಟ್ಟೆಕಿಚ್ಚಿನ ಮಾತೆಂದು ಯಾರೂ ಭಾವಿಸಬೇಕಾಗಿಲ್ಲ. ನನ್ನ ತಕರಾರು ಆ ಬರಹಗಳ ಕೊನೆಯ ವಾಕ್ಯದ ಮೇಲೆ. ಎಲ್ಲವೂ ಬಂದು ನಿಲ್ಲುವುದು ಅಲ್ಲಿಯೇ: ಕಾಲ ಎಲ್ಲವನ್ನೂ ನುಂಗಿತು!

ಹಂಪಿಯ ವಿಷಯವನ್ನೇ ನೋಡೋಣ. ವಿರೂಪಾಕ್ಷ ದೇವಾಲಯದ ಮುಂದಿನ ರಥಬೀದಿಯ ಸಾಲುಮಂಟಪಗಳಲ್ಲಿ ನಾವು ಹುಡುಗರಾಗಿದ್ದಾಗ ಜನ ಸಂಸಾರ ಹೂಡಿದ್ದರು. ಕಂಬಗಳ ನಡುವೆ ಗೋಡೆ, ಗೋಡೆಗೆ ಸುಣ್ಣ, ಬಾಗಿಲಲ್ಲಿ ರಂಗೋಲಿ, ಒಳಗೆ ಒಲೆ. ತೇರಿಗೆ ಹೋದ ನಾವು ಅವರ ಜಗಲಿಯ ಮೇಲೆ ಬುತ್ತಿ ಬಿಚ್ಚಿ, ಒಳಗಿನಿಂದ ನೀರು ಕೇಳಿ ಕುಡಿದದ್ದುಂಟು. ಸ್ಮಾರಕಕ್ಕೆ ಅದು ಒಪ್ಪುತ್ತಿತ್ತೆ ಎಂದರೆ, ಇಲ್ಲ. ಶಿಲ್ಪಕ್ಕೆ ಹೊಗೆ ಹತ್ತುವುದನ್ನು ನಾನೂ ಸಮರ್ಥಿಸಲಾರೆ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಸ್ಥಳಕ್ಕೆ ಅದರದೇ ಕಟ್ಟುಪಾಡುಗಳಿವೆ. ಆದರೆ 2011ರ ಜುಲೈ ಕೊನೆಯಲ್ಲಿ ಆ ಮನೆ ಅಂಗಡಿಗಳನ್ನು ಉರುಳಿಸಿದವನು ಕಾಲಪುರುಷನಲ್ಲ. ಅದಕ್ಕೆ ಆಜ್ಞೆಯಿತ್ತು, ಯಂತ್ರಗಳಿದ್ದವು. ಬೀದಿಗೆ ಬಿದ್ದವರಿಗೆ ಕಡ್ಡಿರಾಂಪುರದ ಕಡೆ ಕೈ ತೋರಿಸಲಾಯಿತು. ಕೆಲವು ವರ್ಷಗಳ ಹಿಂದೆ ಅಲ್ಲಿ ಒಬ್ಬ ಮುದುಕಿಯೊಡನೆ ಮಾತಾಡುತ್ತ, ‘ಕಾಲ ಬದಲಾಯಿತು, ಅಲ್ಲವೇನಮ್ಮ?’ ಎಂದೆ. ಆಕೆ ನನ್ನ ಮುಖವನ್ನೊಮ್ಮೆ ನೋಡಿ, ‘ಕಾಲ ಯಾಕ ಬರ್ತೈತಪ್ಪ ಮನಿ ಕೆಡವಾಕ? ಜೇಸೀಬಿ ಬಂದಿತ್ತು’ ಎಂದಳು. ನನ್ನ ಎಂ.ಎ. ಪದವಿಗೆ ಉತ್ತರ ಹೊಳೆಯಲಿಲ್ಲ.

ಬಳ್ಳಾರಿ ಸೀಮೆಯ ಗಣಿಗಳನ್ನು ಕುರಿತು ಲೋಕಾಯುಕ್ತರ ವರದಿ ಬಂದದ್ದೂ, ಸುಪ್ರೀಂ ಕೋರ್ಟು ಅಲ್ಲಿ ಅದಿರು ತೆಗೆಯುವುದನ್ನು ನಿಲ್ಲಿಸಿದ್ದೂ ಅದೇ ಜುಲೈ ಕೊನೆಯಲ್ಲಿಯೇ. ಅದಕ್ಕೆ ಮುಂಚಿನ ವರ್ಷಗಳಲ್ಲಿ ಸಂಡೂರಿನಿಂದ ಹೊಸಪೇಟೆಗೆ ಬರುವ ದಾರಿಯುದ್ದಕ್ಕೂ ಲಾರಿಗಳ ಸಾಲು. ಜೋಳದ ತೆನೆ, ಬೇವಿನ ಎಲೆ, ಒಣಹಾಕಿದ ಧೋತರ ಎಲ್ಲವೂ ಕೆಂಪು. ಆ ಬೆಟ್ಟಗಳ ಹಸಿರು ‘ಕಾಲದ ಹೊಡೆತಕ್ಕೆ’ ಹೋಯಿತೆಂದು ಈಗ ಬರೆಯುತ್ತಾರೆ. ಕಾಲ ಯಾವ ಪರ್ಮಿಟ್ಟಿಗೆ ಸಹಿ ಹಾಕಿತ್ತು? ಲಾರಿ ಕೊಂಡವರಲ್ಲಿ ನಮ್ಮ ನೆಂಟರಿದ್ದರು, ನನ್ನೊಡನೆ ಓದಿದವರಿದ್ದರು. ಅವರ ಮನೆಯ ಮದುವೆಗಳಲ್ಲಿ ನಾವು ಹೊಟ್ಟೆ ತುಂಬ ಉಂಡೆವು. ಇದನ್ನು ಬರೆದರೆ ನೆನಪಿನ ಸವಿ ಕೆಡುತ್ತದೆ, ನಿಜ.

ಆ ಸವಿಯಾದರೂ ಎಲ್ಲರದೂ ಆಗಿತ್ತೆ? ನಾನು ಈಜು ಕಲಿತ ರಾಯಕಾಲುವೆಗೆ ನೀರು ಬರುತ್ತಿದ್ದುದು ತುಂಗಭದ್ರಾ ಜಲಾಶಯದಿಂದ. 1953ರಲ್ಲಿ ನೀರು ನಿಂತಾಗ ನಾರಾಯಣದೇವರಕೆರೆ ಎಂಬ ಊರು ಮುಳುಗಿ, ಅಲ್ಲಿಯವರು ಮರಿಯಮ್ಮನಹಳ್ಳಿಗೆ ಬಂದು ನೆಲೆಸಬೇಕಾಯಿತು. ಅವರ ಮಕ್ಕಳ ಆಟದ ಬಯಲು ನಮ್ಮ ಈಜಿನ ಕೆಳಗಿದೆಯೆಂದು ನಮಗೆ ಯಾವ ಮೇಷ್ಟರೂ ಹೇಳಲಿಲ್ಲ. ಹರಿಗೋಲಿನ ಸೊಗಸನ್ನು ಬಣ್ಣಿಸುವವನೂ ನಡುರಾತ್ರಿ ಹೆರಿಗೆನೋವಿನಲ್ಲಿ ಆನೆಗೊಂದಿಯ ದಡದ ಮೇಲೆ ಕುಳಿತವಳಲ್ಲ. ಹಂಡೆ ತುಂಬ ಬಿಸಿನೀರಿನ ನೆನಪು ನನಗಿದೆ; ಆ ನೀರು ಹೊತ್ತು ತಂದ ಅಕ್ಕನನ್ನು ಕೇಳಿದರೆ ಅವಳಿಗೆ ನೆನಪಾಗುವುದು ಸೊಂಟ ಮಾತ್ರ.

ಹಾಗೆಂದು ಯಾರೂ ಬಾಲ್ಯವನ್ನು ನೆನೆಯಬಾರದೆಂದು ನಾನು ಹೇಳುತ್ತಿಲ್ಲ. ನೆನೆಯಲಿ, ಕಳೆದುಹೋದುದರ ಜೊತೆಗೆ ಕಳೆದವರನ್ನೂ ನೆನೆಯಲಿ. ಇಲ್ಲದಿದ್ದರೆ ನಮ್ಮ ಹಂಬಲವೆಲ್ಲ ತಪ್ಪು ಮಾಡಿದವರಿಗೆ ಒದಗುವ ಒಳ್ಳೆಯ ಸಾಕ್ಷಿಯಾದೀತು. 2024ರಲ್ಲಿ ಸಂಡೂರಿನ ದೇವದಾರಿ ಬೆಟ್ಟದಲ್ಲಿ ಗಣಿ ತೆಗೆಯುವ ಮಾತು ಮತ್ತೆ ಎದ್ದು, 99 ಸಾವಿರದಷ್ಟು ಮರಗಳು ಉರುಳಬೇಕಾದೀತೆಂದು ಪತ್ರಿಕೆಗಳಲ್ಲಿಯೇ ಬಂತು. ಆ ಬೆಟ್ಟಗಳಲ್ಲಿ ತಮ್ಮ ಬಾಲ್ಯವನ್ನು ಕಂಡ ಲೇಖಕರಲ್ಲಿ ಎಷ್ಟು ಮಂದಿ ಅದರ ಮೇಲೆ ಎರಡು ಸಾಲು ಬರೆದರು? ಬೇರೆಯವರನ್ನು ಕೇಳುವುದೇಕೆ, ಆ ತಿಂಗಳು ನಾನು ಬರೆದದ್ದೂ ಸೀತಾಫಲದ ಮೇಲೆಯೇ.